ಲಿಂಬೆಯ ಮರ ಕಿತ್ತು ಹಚ್ಚಲು ಯಾವ ಕಾಲ? ಒಂದು ಹಳೆಯ ಪ್ರಶ್ನೆಯ ಚರಿತ್ರೆ

ಕೆಲವು ವರ್ಷಗಳ ಹಿಂದಿನ ಮಾತು. ಬೈಲಹೊಂಗಲದ ಸಮೀಪದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಹೊಸ ಕೊಠಡಿ ಕಟ್ಟಬೇಕಾಗಿತ್ತು. ಅಡಿಪಾಯಕ್ಕೆ ಗೆರೆ ಎಳೆದಾಗ ಅದರೊಳಗೆ ಸುಮಾರು ಹತ್ತು ವರ್ಷದ ಒಂದು ಲಿಂಬೆಯ ಮರ ಸಿಕ್ಕಿಕೊಂಡಿತು. ಮಕ್ಕಳೇ ಹಚ್ಚಿ, ನೀರು ಹಾಕಿ ಬೆಳೆಸಿದ್ದ ಮರ. ಅದನ್ನು ಕಡಿಯಲು ಯಾರಿಗೂ ಮನಸ್ಸಿರಲಿಲ್ಲ. ಬೇರು ಸಮೇತ ಎತ್ತಿ ಆವರಣದ ಇನ್ನೊಂದು ಮೂಲೆಗೆ ಹಚ್ಚಬಹುದೇ ಎಂದು ಅಲ್ಲಿನ ವಿಜ್ಞಾನ ಶಿಕ್ಷಕರು ನನ್ನನ್ನು ಕೇಳಿದರು. ಆಗ ಏಪ್ರಿಲ್ ತಿಂಗಳ ಕೊನೆ. ದೊಡ್ಡದಾಗಿ ಮಣ್ಣಿನ ಮುದ್ದೆ ಸಮೇತ ಎತ್ತಿ, ದಿನಾಲು ಸಾಕಷ್ಟು ನೀರು ಹಾಕಿದರೆ ಏನೂ ಆಗುವುದಿಲ್ಲ ಎಂದು ನಾನು ಧೈರ್ಯ ಹೇಳಿದೆ.

ಅವರು ಹಾಗೆಯೇ ಮಾಡಿದರು. ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ ನೀರು ಹಾಕಿದರು. ನಾಲ್ಕನೆಯ ದಿನಕ್ಕೆ ಎಲೆಗಳು ಮಡಚಿಕೊಂಡವು, ಮೂರನೆಯ ವಾರಕ್ಕೆ ರೆಂಬೆಗಳು ಒಣಗಿದವು. ಬುಡದ ಮಣ್ಣು ಮಾತ್ರ ಒದ್ದೆಯಾಗಿಯೇ ಇತ್ತು. ನೋಡಲು ಹೋದಾಗ ಊರಿನ ಹಿರಿಯರೊಬ್ಬರು, "ಬ್ಯಾಸಿಗ್ಯಾಗ ಕಿತ್ತರ ಗಿಡ ಉಳೀತೈತೇನ್ರಿ ಸರ? ಮಿರಗ ಕೂಡೂತನಕಾ ತಡೀಬೇಕಾಗಿತ್ತು" ಎಂದರು. ಪಕ್ಕದಲ್ಲಿದ್ದ ಒಂಬತ್ತನೆಯ ತರಗತಿಯ ಹುಡುಗಿ ಕೂಡಲೇ ಕೇಳಿದಳು: "ಮಿರಗ ಅಂದರ ನಕ್ಷತ್ರ ಅಲ್ಲೇನ್ರಿ? ನಕ್ಷತ್ರಕ್ಕೂ ಲಿಂಬಿಗಿಡಕ್ಕೂ ಏನ್ ಸಂಬಂಧರಿ?"

ನನ್ನ ಸಲಹೆಯಿಂದ ಒಂದು ಮರ ಸತ್ತಿತ್ತು. ಒದ್ದೆ ಮಣ್ಣಿನಲ್ಲಿ ನಿಂತ ಮರ ಒಣಗಿದ್ದೇಕೆ, ಹಿರಿಯರ ಮಾತಿನಲ್ಲಿ ಸತ್ಯವೆಷ್ಟು, ನಕ್ಷತ್ರದ ಪಾತ್ರವೇನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ಎರಡು ಸಾವಿರ ವರ್ಷಗಳಿಗೂ ಮೀರಿದ ಒಂದು ಚರಿತ್ರೆ. ಅದರ ಮುಖ್ಯ ಘಟ್ಟಗಳನ್ನು ಇಲ್ಲಿ ನೋಡೋಣ.

ಒಂದೇ ಗಿಡ, ಎರಡು ಗ್ರಂಥ

ಲಿಂಬೆಯ ಜಾತಿಯ ಗಿಡವನ್ನು ಯಾವ ಕಾಲದಲ್ಲಿ ಕಿತ್ತು ಹಚ್ಚಬೇಕು ಎಂಬುದರ ಬಹು ಹಳೆಯ ಬರವಣಿಗೆಯೊಂದು ಗ್ರೀಸ್ ದೇಶದ್ದು. ಅರಿಸ್ಟಾಟಲನ ಶಿಷ್ಯ ಥಿಯೋಫ್ರಾಸ್ಟಸ್ ಕ್ರಿಸ್ತಪೂರ್ವ 300ರ ಸುಮಾರಿಗೆ ಸಸ್ಯಗಳನ್ನು ಕುರಿತು ಒಂದು ದೊಡ್ಡ ಗ್ರಂಥ ರಚಿಸಿದ. ಅಲೆಕ್ಸಾಂಡರನ ದಂಡಯಾತ್ರೆಯ ನಂತರ ಗ್ರೀಕರಿಗೆ ಪೂರ್ವದೇಶಗಳ ಸಸ್ಯಗಳ ಪರಿಚಯ ಹೆಚ್ಚಿತ್ತು. 'ಮೀಡಿಯಾ ದೇಶದ ಸೇಬು' ಎಂದು ಆತ ಕರೆದ ಹಣ್ಣು ನಮ್ಮ ಮಾದಲ. ಇದರ ಬೀಜವನ್ನು ವಸಂತದಲ್ಲಿ ಚೆನ್ನಾಗಿ ಹದಮಾಡಿದ ಮಡಿಯಲ್ಲಿ ಬಿತ್ತಿ, ನಾಲ್ಕೈದು ದಿನಕ್ಕೊಮ್ಮೆ ನೀರು ಕೊಡಬೇಕು. ಸಸಿ ಬಲವಾದ ಮೇಲೆ ಮತ್ತೆ ವಸಂತದಲ್ಲಿಯೇ, ಮೆತ್ತಗಿನ, ನೀರಿನ ಆಸರೆಯಿರುವ ಮಣ್ಣಿಗೆ ಬದಲಾಯಿಸಬೇಕು ಎಂಬುದು ಅವನ ಸಲಹೆ.

ಎರಡನೆಯದು ನಮ್ಮ ದೇಶದ್ದು. ಉಜ್ಜಯಿನಿಯ ಪ್ರದೇಶದಲ್ಲಿದ್ದ ವರಾಹಮಿಹಿರ 6ನೆಯ ಶತಮಾನದಲ್ಲಿ ಬರೆದ 'ಬೃಹತ್ಸಂಹಿತೆ'ಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವಿದೆ. ಗಿಡ ಕಿತ್ತು ಹಚ್ಚುವ ಕಾಲವನ್ನು ಅವನು ಗಿಡದ ಬೆಳವಣಿಗೆಗೆ ತಕ್ಕಂತೆ ಮೂರಾಗಿ ವಿಂಗಡಿಸುತ್ತಾನೆ. ಇನ್ನೂ ಕೊಂಬೆ ಒಡೆಯದ ಸಸಿಗಳಿಗೆ ಶಿಶಿರ ಋತು, ಕೊಂಬೆ ಒಡೆದವುಗಳಿಗೆ ಹೇಮಂತ, ಕಾಂಡ ಬಲಿತವುಗಳಿಗೆ ಮಳೆಗಾಲ. ಸಾಗಿಸುವ ಮೊದಲು ಬೇರಿನಿಂದ ಕಾಂಡದವರೆಗೆ ತುಪ್ಪ, ಎಳ್ಳು, ಜೇನು, ಹಾಲು, ಸಗಣಿ ಮುಂತಾದವುಗಳ ಲೇಪ ಹಚ್ಚಬೇಕು ಎಂದೂ ಹೇಳುತ್ತಾನೆ. ಲೇಪದ ಗುಣ ಏನೇ ಇರಲಿ, ಬಯಲಾದ ಬೇರು ಒಣಗದಂತೆ ಮುಚ್ಚಿಡುವ ಕೆಲಸವನ್ನಂತೂ ಅದು ಮಾಡುತ್ತದೆ.

ಇದೇ ಅಧ್ಯಾಯದಲ್ಲಿ ನೀರಿನ ಸಮೃದ್ಧಿಯಿರುವ ನೆಲದ ಹದಿನಾರು ಮರಗಳ ಪಟ್ಟಿಯಿದೆ. ನೇರಳೆ, ಕದಂಬ, ಅತ್ತಿ, ದಾಳಿಂಬೆ, ಹಲಸುಗಳ ಜೊತೆಗೆ ಅಲ್ಲಿ ಬೀಜಪೂರಕವೂ ಸೇರಿದೆ. ಬೀಜಪೂರಕವೆಂದರೂ ಮಾದಲವೇ. ಹೀಗೆ ಗ್ರೀಕ್ ಪಂಡಿತ ಮತ್ತು ಭಾರತದ ಜ್ಯೋತಿರ್ವಿದ ಇಬ್ಬರೂ ಒಂದೇ ಗಿಡದ ಬಗ್ಗೆ ಬರೆದಿದ್ದಾರೆ. ನಮ್ಮ ಲಿಂಬೆಗೂ ಇದು ಹೊರತಲ್ಲ. ಇತ್ತೀಚಿನ ವರ್ಷಗಳಲ್ಲಿ, ಮುಖ್ಯವಾಗಿ 2018ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ, ಸಿಟ್ರಸ್ ಕುಲದ ವಂಶಾವಳಿಯನ್ನು ಸ್ಪಷ್ಟಪಡಿಸಿವೆ. ನಾವು ಬೆಳೆಯುವ ಕಾಗದಿ ಲಿಂಬೆಯ ಗುಂಪು ಮೈಕ್ರಾಂತ ಎಂಬ ಕಾಡು ಪ್ರಭೇದ ಮತ್ತು ಮಾದಲಗಳ ಮಿಶ್ರತಳಿ. ಅಂದರೆ ಲಿಂಬೆ ಮಾದಲದ ಸಂತಾನ.

ಥಿಯೋಫ್ರಾಸ್ಟಸ್ ವಸಂತ ಎಂದ, ವರಾಹಮಿಹಿರ ಬಲಿತ ಮರಕ್ಕೆ ಮಳೆಗಾಲ ಎಂದ. ಇಬ್ಬರಲ್ಲಿ ಯಾರು ಸರಿ? ಮೆಡಿಟರೇನಿಯನ್ ದೇಶಗಳಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ವಸಂತದ ಹೊತ್ತಿಗೆ ಅಲ್ಲಿ ನೆಲದಲ್ಲಿ ಹಸಿ ಇರುತ್ತದೆ, ಮಣ್ಣು ಬೆಚ್ಚಗಾಗತೊಡಗುತ್ತದೆ, ಬಿಸಿಲಿನ ತಾಪ ಇನ್ನೂ ಏರಿರುವುದಿಲ್ಲ. ಇದೇ ಮೂರು ಅನುಕೂಲ ನಮ್ಮಲ್ಲಿ ಒಟ್ಟಿಗೆ ಸಿಗುವುದು ಮಳೆಗಾಲದಲ್ಲಿ. ತಿಂಗಳುಗಳು ಬೇರೆಯಾದರೂ ಕಾರಣ ಒಂದೇ. ಆದ್ದರಿಂದ ಒಂದು ದೇಶದ ಪುಸ್ತಕದಲ್ಲಿರುವ ತಿಂಗಳನ್ನು ಇನ್ನೊಂದು ದೇಶಕ್ಕೆ ಹಾಗೆಯೇ ಒಯ್ಯುವಂತಿಲ್ಲ.

ಕನ್ನಡ ನಾಡಿನಲ್ಲಿ

ವೃಕ್ಷಾಯುರ್ವೇದದ ಪರಂಪರೆ ಕನ್ನಡಕ್ಕೆ ಬೇಗನೆ ಬಂದಿತು. ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ 1025ರ ಸುಮಾರಿಗೆ 'ಲೋಕೋಪಕಾರ'ವನ್ನು ರಚಿಸಿದ. ಜ್ಯೋತಿಷ, ವಾಸ್ತು, ಅಂತರ್ಜಲ ಶೋಧನೆ, ವೈದ್ಯ, ಅಡುಗೆ ಮುಂತಾದ ಲೋಕೋಪಯೋಗಿ ವಿಷಯಗಳ ನಡುವೆ ವೃಕ್ಷಾಯುರ್ವೇದವೂ ಅದರಲ್ಲಿದೆ. ಪಂಡಿತರ ಸಂಸ್ಕೃತದಲ್ಲಿದ್ದ ತೋಟದ ತಿಳಿವಳಿಕೆಯನ್ನು ಜನರ ಭಾಷೆಯಲ್ಲಿ ಕೊಟ್ಟ ಈ ಕೃತಿಯನ್ನು ಇಂದಿನ ಜನಪ್ರಿಯ ವಿಜ್ಞಾನ ಸಾಹಿತ್ಯದ ಹಿರಿಯ ಎನ್ನಬಹುದು. ಮುಂದಿನ ಶತಮಾನದಲ್ಲಿ ಅದೇ ವಂಶದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿಯೂ ಗಿಡಮರಗಳ ಆರೈಕೆಯ ವಿಚಾರ ಬಂದಿದೆ. ಆ ಕಾಲದಲ್ಲಿ ನಮ್ಮ ಸವದತ್ತಿ 'ಸುಗಂಧವರ್ತಿ' ಎಂಬ ಹೆಸರಿನಲ್ಲಿ ರಟ್ಟರ ರಾಜಧಾನಿಯಾಗಿತ್ತು. ರಟ್ಟರು ಚಾಲುಕ್ಯರ ಸಾಮಂತರು.

ಗ್ರಂಥಗಳ ಜೊತೆಜೊತೆಗೆ ರೈತರ ಬಾಯಲ್ಲಿ ಇನ್ನೊಂದು ಪಂಚಾಂಗ ಬೆಳೆಯಿತು. ಅದು ಮಳೆ ನಕ್ಷತ್ರಗಳ ಪಂಚಾಂಗ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಎಂದು ಹೊರಟು ಉತ್ತರಾ, ಹಸ್ತ, ಚಿತ್ತಾ, ಸ್ವಾತಿಯವರೆಗೆ ಒಂದೊಂದು ಮಳೆಗೂ ಒಂದೊಂದು ಹೆಸರು. ಮಿರಗ ಎಂದರೆ ಮೃಗಶಿರ. ಈಗ ಅದು ಕೂಡುವುದು ಜೂನ್ 7 ಅಥವಾ 8ಕ್ಕೆ. ಬೆಳಗಾವಿ ಜಿಲ್ಲೆಯ ರೈತನಿಗೆ ಇದು ಆಕಾಶದ ವಿಚಾರಕ್ಕಿಂತ ಹೆಚ್ಚಾಗಿ ಹೊಲದ ವಿಚಾರ. ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ನಕ್ಷತ್ರ ಗಿಡಕ್ಕೆ ಏನನ್ನೂ ಮಾಡುವುದಿಲ್ಲ. ಸೂರ್ಯನ ಹಿಂದೆ ಯಾವ ನಕ್ಷತ್ರವಿದೆ ಎಂಬುದು ವರ್ಷದ ಯಾವ ಭಾಗದಲ್ಲಿ ನಾವಿದ್ದೇವೆ ಎಂಬುದನ್ನು ತೋರಿಸುವ ಗಡಿಯಾರದ ಮುಳ್ಳು, ಅಷ್ಟೇ.

ಗಡಿಯಾರ ಸರಿದ ಕಥೆ

ಉಳಿದರ್ಧ ಉತ್ತರ ಇನ್ನೂ ಸ್ವಾರಸ್ಯದ್ದು. ಈ ಗಡಿಯಾರ ನಿಧಾನವಾಗಿ ತಪ್ಪುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುತ್ತ ಸುಮಾರು 26,000 ವರ್ಷಗಳಿಗೆ ಒಂದು ಸುತ್ತು ಮುಗಿಸುತ್ತದೆ. ಇದರಿಂದ ವಿಷುವದ್ಬಿಂದು ನಕ್ಷತ್ರಗಳ ನಡುವೆ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಷ್ಟು ಹಿಂದಕ್ಕೆ ಸರಿಯುತ್ತದೆ. ಋತುಗಳು ನಡೆಯುವುದು ವಿಷುವದ್ಬಿಂದುವನ್ನು ಅನುಸರಿಸಿ. ಮಳೆ ನಕ್ಷತ್ರಗಳನ್ನು ಎಣಿಸುವುದು ಸ್ಥಿರ ನಕ್ಷತ್ರಗಳನ್ನು ಅನುಸರಿಸಿ. ಎರಡರ ನಡುವಿನ ಅಂತರ ಶತಮಾನಗಳಲ್ಲಿ ಬೆಳೆಯುತ್ತದೆ.

ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಒಂದು ನಕ್ಷತ್ರದ ಅಗಲ 13 ಡಿಗ್ರಿ 20 ಕಲೆ. ಅದನ್ನು 72ರಿಂದ ಗುಣಿಸಿದರೆ 960 ವರ್ಷ. ಚಾವುಂಡರಾಯನಿಂದ ನಮ್ಮವರೆಗೆ ಕಳೆದಿರುವುದು ಸುಮಾರು 1000 ವರ್ಷ. ಅಂದರೆ ಗಡಿಯಾರ ಸರಿಯಾಗಿ ಒಂದು ನಕ್ಷತ್ರದಷ್ಟು ಸರಿದಿದೆ! ನಾವು ಇಂದು ಮಿರಗ ಎನ್ನುವ ಋತುಭಾಗದಲ್ಲಿ ಅವನ ಕಾಲಕ್ಕೆ ಸೂರ್ಯ ಆಗಲೇ ಆರಿದ್ರಾದಲ್ಲಿದ್ದ. ವರಾಹಮಿಹಿರನ ಕಾಲಕ್ಕೆ ಹೋದರೆ ವ್ಯತ್ಯಾಸ ಸುಮಾರು 21 ದಿನ.

ವರಾಹಮಿಹಿರನಿಗೆ ಈ ಸರಿಯುವಿಕೆಯ ಸುಳಿವಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಹಳೆಯ ಶಾಸ್ತ್ರಗಳಲ್ಲಿ ದಕ್ಷಿಣಾಯನ ಆಶ್ಲೇಷಾ ನಕ್ಷತ್ರದ ನಡುವಿನಿಂದ ಆರಂಭವಾಗುತ್ತದೆ ಎಂದಿದ್ದರೂ ತನ್ನ ಕಾಲದಲ್ಲಿ ಅದು ಕರ್ಕಾಟಕದ ಆರಂಭದಲ್ಲಿ ಆಗುತ್ತಿದೆ ಎಂದು ಅವನು ದಾಖಲಿಸಿದ್ದಾನೆ. ಇದನ್ನು ಪ್ರತ್ಯಕ್ಷ ಪರೀಕ್ಷೆಯಿಂದ ತಿಳಿಯಬೇಕು ಎಂದಿದ್ದಾನೆ. ಗ್ರಂಥಕ್ಕಿಂತ ವೀಕ್ಷಣೆ ದೊಡ್ಡದೆಂಬ ಈ ಮಾತನ್ನು ಗಿಡ ಹಚ್ಚುವ ನಿಯಮಗಳಿಗೂ ಅನ್ವಯಿಸಬೇಕಾಗುತ್ತದೆ. ಹಾಗಿದ್ದರೆ ಯಾವುದನ್ನು ವೀಕ್ಷಿಸಬೇಕು?

ತಕ್ಕಡಿಗೆ ಏರಿದ ಲಿಂಬೆ

ಈ ಪ್ರಶ್ನೆಗೆ ದಾರಿ ತೋರಿದವನು ಸ್ಟೀಫನ್ ಹೇಲ್ಸ್. ಲಂಡನ್ ಸಮೀಪದ ಟೆಡಿಂಗ್ಟನ್‌ನಲ್ಲಿ ಪಾದ್ರಿಯಾಗಿದ್ದ ಈತ ಸಸ್ಯಗಳನ್ನು ಅಳತೆ, ತೂಕಗಳಿಂದ ಅಧ್ಯಯನ ಮಾಡಿ 1727ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅವನ ವಿಧಾನ ಸರಳ. ಕುಂಡದಲ್ಲಿ ಬೆಳೆದ ಸೂರ್ಯಕಾಂತಿಯ ಬುಡದ ಮಣ್ಣನ್ನು ಸೀಸದ ತಗಡಿನಿಂದ ಮುಚ್ಚಿ, ಸಂದುಗಳನ್ನು ಮೆತ್ತಿ, ಬೆಳಿಗ್ಗೆ ಸಂಜೆ ತೂಗಿದ. ತೂಕದಲ್ಲಿ ಕಡಿಮೆಯಾದದ್ದೆಲ್ಲ ಎಲೆಗಳಿಂದ ಹೋದ ನೀರು. ಹಗಲಿನ ಹನ್ನೆರಡು ಗಂಟೆಗಳಲ್ಲಿ ಅದು ಸರಾಸರಿ 20 ಔನ್ಸ್, ಅಂದರೆ ಸುಮಾರು 570 ಗ್ರಾಂ.

ಹೇಲ್ಸ್ ತೂಗಿದ ಗಿಡಗಳಲ್ಲಿ ಒಂದು ಲಿಂಬೆಯ ಜಾತಿಯ ಗಿಡವೂ ಇತ್ತು. ಅದರ ಎಲೆಗಳ ಒಟ್ಟು ವಿಸ್ತೀರ್ಣ 2557 ಚದರ ಅಂಗುಲ, ಅಂದರೆ ಸುಮಾರು 1.65 ಚದರ ಮೀಟರ್. ಹಗಲಿನಲ್ಲಿ ಅದು ಕಳೆದುಕೊಂಡದ್ದು ಸರಾಸರಿ 6 ಔನ್ಸ್, ಸುಮಾರು 170 ಗ್ರಾಂ. ಎಲೆಯ ಮೇಲೆ ಸಮನಾಗಿ ಹರಡಿದರೆ ಅದು ಅಂಗುಲದ 243ನೆಯ ಒಂದು ಭಾಗ ದಪ್ಪದ ನೀರಿನ ಪದರ. ಸೂರ್ಯಕಾಂತಿಗೆ ಇದೇ ಅಳತೆ 165ನೆಯ ಒಂದು ಭಾಗ. ಲಿಂಬೆ ಮಿತವ್ಯಯಿ ಎಂಬುದು ಹೀಗೆ ಮೊದಲ ಬಾರಿಗೆ ಅಂಕಿಗಳಲ್ಲಿ ತಿಳಿಯಿತು.

ಆದರೆ ಮಿತವ್ಯಯಿಯ ಖರ್ಚೂ ಹವೆಯನ್ನು ಅವಲಂಬಿಸಿದೆ. 1802ರಲ್ಲಿ ಜಾನ್ ಡಾಲ್ಟನ್ ಬಾಷ್ಪೀಕರಣದ ನಿಯಮವನ್ನು ತಿಳಿಸಿದ. ನೀರಿನ ಮೇಲ್ಮೈಯಲ್ಲಿನ ಆವಿಯ ಒತ್ತಡ ಮತ್ತು ಗಾಳಿಯಲ್ಲಿ ಆಗಲೇ ಇರುವ ಆವಿಯ ಒತ್ತಡ, ಇವೆರಡರ ವ್ಯತ್ಯಾಸಕ್ಕೆ ಬಾಷ್ಪೀಕರಣ ಅನುಪಾತದಲ್ಲಿರುತ್ತದೆ. ಗಾಳಿ ಬೀಸಿದಷ್ಟೂ ಹೆಚ್ಚುತ್ತದೆ. ಎಲೆಯೊಳಗಿನ ಗಾಳಿ ಬಹುಮಟ್ಟಿಗೆ ಸಂತೃಪ್ತವಾಗಿರುವುದರಿಂದ ಈ ನಿಯಮ ಎಲೆಗೂ ಸಲ್ಲುತ್ತದೆ.

ಉದಾಹರಣೆಗೆ ಮೂರು ಹವೆಗಳನ್ನು ತೆಗೆದುಕೊಳ್ಳೋಣ. ಎಲೆಯ ಉಷ್ಣತೆ ಗಾಳಿಯಷ್ಟೇ ಇದೆ ಎಂದಿಟ್ಟುಕೊಳ್ಳೋಣ. 20 ಡಿಗ್ರಿ ಸೆಲ್ಸಿಯಸ್, ಶೇಕಡಾ 60 ಆರ್ದ್ರತೆಯ ಹಿತವಾದ ಇಂಗ್ಲೆಂಡಿನ ಬೇಸಿಗೆಯಲ್ಲಿ ಆವಿ ಒತ್ತಡದ ಕೊರತೆ ಸುಮಾರು 0.9 ಕಿಲೊಪಾಸ್ಕಲ್. 38 ಡಿಗ್ರಿ, ಶೇಕಡಾ 25 ಆರ್ದ್ರತೆಯ ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಅದು ಸುಮಾರು 5 ಕಿಲೊಪಾಸ್ಕಲ್. 26 ಡಿಗ್ರಿ, ಶೇಕಡಾ 85 ಆರ್ದ್ರತೆಯ ಮಳೆಗಾಲದ ದಿನದಲ್ಲಿ ಕೇವಲ 0.5 ಕಿಲೊಪಾಸ್ಕಲ್. ಶಾಲೆಯ ಮರಕ್ಕೆ 20 ಚದರ ಮೀಟರ್ ಎಲೆ ಇತ್ತೆಂದುಕೊಂಡರೆ, ಹೇಲ್ಸನ ಲೆಕ್ಕದಂತೆ ಅದಕ್ಕೆ ಇಂಗ್ಲೆಂಡಿನಲ್ಲಿ ದಿನಕ್ಕೆ 2 ಲೀಟರ್ ನೀರು ಸಾಕು. ಪತ್ರರಂಧ್ರಗಳು ಅಷ್ಟೇ ತೆರೆದಿದ್ದರೆ ಏಪ್ರಿಲ್‌ನಲ್ಲಿ ಸುಮಾರು 11 ಲೀಟರ್ ಬೇಕು, ಮಳೆಗಾಲದಲ್ಲಿ ಸುಮಾರು 1 ಲೀಟರ್. ಇದು ಸ್ಥೂಲ ಅಂದಾಜು. ನಿಜಕ್ಕೂ ನೀರು ಸಾಲದಾದಾಗ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆದರೆ ಮುಚ್ಚಿದ ಎಲೆಗೆ ಆಹಾರ ತಯಾರಿಸಲಾಗದು, ಬಿಸಿಲಿನಲ್ಲಿ ತಂಪಾಗಿರಲೂ ಆಗದು.

ನಾವು ದಿನಕ್ಕೆ ನಾಲ್ಕು ಕೊಡ ನೀರು ಹಾಕಿದ್ದೆವು. 11 ಲೀಟರಿಗಿಂತ ಅದು ಬಹಳ ಹೆಚ್ಚು. ಆದರೂ ಮರ ಏಕೆ ಒಣಗಿತು?

ಮಣ್ಣಿನ ನೀರು ಎಲೆಗೆ ಏಕೆ ತಲುಪಲಿಲ್ಲ?

ಮರದೊಳಗೆ ನೀರು ಏರುವ ಬಗೆಯನ್ನು ವಿವರಿಸಿದವರು ಡಬ್ಲಿನ್‌ನ ಸಸ್ಯವಿಜ್ಞಾನಿ ಹೆನ್ರಿ ಡಿಕ್ಸನ್ ಮತ್ತು ಭೌತವಿಜ್ಞಾನಿ ಜಾನ್ ಜೋಲಿ. ನೀರಿನ ಅಣುಗಳು ಪರಸ್ಪರ ಬಿಗಿಯಾಗಿ ಹಿಡಿದುಕೊಂಡಿರುವುದರಿಂದ, ಎಲೆಯಲ್ಲಿ ಆವಿಯಾಗುವ ನೀರು ಕಾಂಡದೊಳಗಿನ ನೀರಿನ ಎಳೆಯನ್ನು ಹಗ್ಗದಂತೆ ಮೇಲಕ್ಕೆ ಎಳೆಯುತ್ತದೆ ಎಂದು ಅವರು 1894ರಲ್ಲಿ ವಾದಿಸಿದರು. ನಮ್ಮ ಜಗದೀಶಚಂದ್ರ ಬೋಸರು 1923ರ ತಮ್ಮ ಗ್ರಂಥದಲ್ಲಿ ಜೀವಕೋಶಗಳ ಮಿಡಿತವೇ ನೀರನ್ನು ಏರಿಸುತ್ತದೆ ಎಂಬ ಬೇರೆ ವಿವರಣೆ ನೀಡಿದ್ದರು. ಮುಂದಿನ ಪ್ರಯೋಗಗಳು ಡಿಕ್ಸನ್-ಜೋಲಿ ವಿವರಣೆಯನ್ನೇ ಬೆಂಬಲಿಸಿದವು.

1948ರಲ್ಲಿ ಹಾಲೆಂಡಿನ ವಾನ್ ಡೆನ್ ಹೊನರ್ಟ್ ಈ ಹರಿವನ್ನು ಓಮ್‌ನ ನಿಯಮಕ್ಕೆ ಹೋಲಿಸಿದ. ಮಣ್ಣು, ಬೇರು, ಕಾಂಡ, ಎಲೆ, ಗಾಳಿ ಇವು ಸರಣಿಯಲ್ಲಿ ಜೋಡಿಸಿದ ರೋಧಗಳಿದ್ದಂತೆ. ಇದರಲ್ಲಿ ಬೇರುಗಳು ತಮ್ಮತಮ್ಮಲ್ಲಿ ಸಮಾಂತರ ಜೋಡಣೆಯಲ್ಲಿವೆ. ಹತ್ತು ಸಮಾನ ಬೇರುಗಳಲ್ಲಿ ಎಂಟನ್ನು ಕಡಿದರೆ ಬೇರುಭಾಗದ ರೋಧ ಐದು ಪಟ್ಟು ಆಗುತ್ತದೆ. ದೊಡ್ಡ ಮರವನ್ನು ಅಗೆದು ಎತ್ತುವಾಗ ನೀರು ಹೀರುವ ಸಣ್ಣ ಬೇರುಗಳ ಬಹುಪಾಲು ಹೊಂಡದ ಆಚೆಯೇ ಉಳಿಯುತ್ತದೆ. ಇನ್ನು ಲಿಂಬೆಯ ಜಾತಿಯಲ್ಲಿ ಬೇರುರೋಮಗಳೇ ಕಡಿಮೆ; ಬೇರಿನ ಜೊತೆ ಬಾಳುವ ಶಿಲೀಂಧ್ರಗಳ ನೆರವನ್ನು ಅದು ಬಹಳವಾಗಿ ಅವಲಂಬಿಸಿದೆ. ಬೇರು ಬಿಸಿಲಿಗೆ ಒಡ್ಡಿದರೆ ಆ ನೆರವೂ ಹೋಗುತ್ತದೆ.

ಈಗ ಶಾಲೆಯ ಮರದ ಸ್ಥಿತಿಯನ್ನು ಊಹಿಸಿಕೊಳ್ಳಿ. ಕೆಳಗೆ ರೋಧ ಹಲವು ಪಟ್ಟು ಏರಿದೆ, ಮೇಲೆ ಗಾಳಿ ಹತ್ತು ಪಟ್ಟು ಬಲದಿಂದ ಎಳೆಯುತ್ತಿದೆ. ಎಳೆತ ಮಿತಿಮೀರಿದಾಗ ನೀರಿನ ಎಳೆಯಲ್ಲಿ ಗಾಳಿಯ ಗುಳ್ಳೆ ಸೇರಿ ಅದು ತುಂಡಾಗುತ್ತದೆ. ತೊಟ್ಟಿಯಲ್ಲಿ ನೀರು ತುಂಬಿದ್ದರೂ ಕೊಳವೆ ಕಟ್ಟಿದರೆ ನಲ್ಲಿಯಲ್ಲಿ ನೀರು ಬಾರದು. ನಾನು ತೊಟ್ಟಿಯನ್ನಷ್ಟೇ ನೋಡಿದ್ದೆ. ಬಲಿತ ಮರಕ್ಕೆ ಮಳೆಗಾಲ, ಎಳೆಯ ಸಸಿಗೆ ತಂಪಿನ ಕಾಲವೂ ಸಾಕು ಎಂಬ ವರಾಹಮಿಹಿರನ ವಿಂಗಡಣೆ ಇಲ್ಲಿ ಅರ್ಥಪೂರ್ಣವಾಗುತ್ತದೆ. ಮರ ದೊಡ್ಡದಾದಷ್ಟೂ ಕಳೆದುಹೋಗುವ ಬೇರಿನ ಪಾಲು ಹೆಚ್ಚು, ಆದ್ದರಿಂದ ಗಾಳಿಯ ಎಳೆತ ಅಷ್ಟು ಕಡಿಮೆ ಇರಬೇಕು.

ನಾಲ್ಕು ಊರು, ನಾಲ್ಕು ಲೆಕ್ಕ

ಈವರೆಗಿನ ಚರ್ಚೆಯಿಂದ ಮೂರು ಷರತ್ತುಗಳು ದೊರೆಯುತ್ತವೆ. ಒಂದು, ಗಾಳಿ ತೇವವಾಗಿರಬೇಕು. ಎರಡು, ಹೊಸ ಬೇರು ಬೇಗ ಬರುವಂತೆ ಮಣ್ಣು ಬೆಚ್ಚಗೆ, ಹಸಿಯಾಗಿ, ಗಾಳಿಯಾಡುವಂತಿರಬೇಕು. ಸುಮಾರು 13 ಡಿಗ್ರಿಗಿಂತ ತಣ್ಣಗಿನ ಮಣ್ಣಿನಲ್ಲಿ ಲಿಂಬೆಯ ಬೇರಿನ ಬೆಳವಣಿಗೆ ನಿಲ್ಲುತ್ತದೆ; ನಮ್ಮಲ್ಲಿ ಆ ಭಯ ಕಡಿಮೆ. ಮೂರು, ಮರ ವಿಶ್ರಾಂತಿಯಲ್ಲಿರಬೇಕು.

ಮೂರನೆಯ ಷರತ್ತನ್ನು ತೋಟಿಗರು ಬಲ್ಲರು. ದಖ್ಖನಿನಲ್ಲಿ ಲಿಂಬೆಯ ಜಾತಿಯ ಮರಗಳ ಹೂ ಬಿಡುವ ಕಾಲಗಳನ್ನು ಅಂಬೆ ಬಹಾರ, ಮೃಗ ಬಹಾರ, ಹಸ್ತ ಬಹಾರ ಎಂದು ಕರೆಯುತ್ತಾರೆ. ಇವುಗಳಲ್ಲಿ ಎರಡಕ್ಕೆ ನಕ್ಷತ್ರಗಳದೇ ಹೆಸರು. ಬೇಸಿಗೆಯ ಬರದ ನಂತರ ಮೊದಲ ಮಳೆ ಬಿದ್ದೊಡನೆ ಮರ ಚಿಗುರಿ ಹೂ ಬಿಡುತ್ತದೆ. ಎಳೆಯ ಚಿಗುರು ಬಹು ಬೇಗ ಬಾಡುತ್ತದೆ. ಲಿಂಬೆಯಲ್ಲಿ ಚಿಗುರಿನ ಸರದಿ ಮುಗಿದ ಮೇಲೆ ಬೇರಿನ ಸರದಿ ಜೋರಾಗುವುದರಿಂದ, ಚಿಗುರು ಬಲಿತು ಎಲೆ ಕಡುಹಸಿರಾದಾಗ ಕೀಳುವುದು ಒಳ್ಳೆಯದು. ಹೀಗಾಗಿ 'ಮಿರಗ ಕೂಡಿದ ದಿನ' ಎಂಬ ನಿಯಮವನ್ನೂ ಕಣ್ಣು ಮುಚ್ಚಿ ಪಾಲಿಸುವಂತಿಲ್ಲ.

ಇನ್ನು ಊರುಗಳ ವಿಚಾರ. ಕಿತ್ತೂರು ಸಹ್ಯಾದ್ರಿಗೆ ಹತ್ತಿರ. ಅಲ್ಲಿಂದ ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗಕ್ಕೆ ಪೂರ್ವಾಭಿಮುಖವಾಗಿ ಹೋದಂತೆ ಮಳೆ ಕಡಿಮೆಯಾಗುತ್ತದೆ. ಕೃಷಿ ಹವಾಮಾನದ ವಿಂಗಡಣೆಯಲ್ಲಿ ಬೈಲಹೊಂಗಲ ಉತ್ತರದ ಪರಿವರ್ತನ ವಲಯಕ್ಕೂ, ಸವದತ್ತಿ ಮತ್ತು ರಾಮದುರ್ಗ ಉತ್ತರದ ಒಣ ವಲಯಕ್ಕೂ ಸೇರಿವೆ.

ಕಿತ್ತೂರಿನ ಕಡೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಾಳಿಯ ತೇವ ಬಹುದಿನ ನಿಲ್ಲುತ್ತದೆ. ನೀರು ಬಸಿಯುವ ಮಸಾರಿ ನೆಲವಿದ್ದರೆ ಆರಿದ್ರಾ ಮಳೆಯ ಹೊತ್ತಿಗೆ ಮರ ಬದಲಾಯಿಸಬಹುದು. ಬೈಲಹೊಂಗಲದ ಎರೆ ಭೂಮಿಯ ಲೆಕ್ಕ ಬೇರೆ. ಎರೆಮಣ್ಣು ನೀರು ಕುಡಿದು ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಬಿರಿದು ಎಳೆಯ ಬೇರನ್ನು ಹರಿಯುತ್ತದೆ. ನೀರು ನಿಂತರೆ ಬೇರಿಗೆ ಆಮ್ಲಜನಕ ಸಿಗದು, ಬುಡ ಕೊಳೆಯುವ ಫೈಟಾಫ್ತೊರಾ ರೋಗಕ್ಕೆ ದಾರಿಯಾಗುತ್ತದೆ. ಮಾದಲವನ್ನು ನೀರುನೆಲದ ಮರವೆಂದ ಹಳೆಯ ಪಟ್ಟಿಯನ್ನು ನೀರು ಬಯಸುವ ಮರ ಎಂದಷ್ಟೇ ಅರ್ಥೈಸಬೇಕು, ನೀರಲ್ಲಿ ನಿಲ್ಲುವ ಮರ ಎಂದಲ್ಲ. ಆದ್ದರಿಂದ ಇಲ್ಲಿ ಮಳೆಯ ಭರ ಇಳಿದು ಮಣ್ಣು ಹದಕ್ಕೆ ಬಂದ ಮೇಲೆ, ಸ್ವಲ್ಪ ಏರು ಮಾಡಿ ಹಚ್ಚುವುದು ಸೂಕ್ತ. ಸವದತ್ತಿ, ರಾಮದುರ್ಗಗಳಲ್ಲಿ ಜೂನ್ ಮಳೆಯ ನಂತರ ದೀರ್ಘ ಬಿಡುವು ಬರುವುದುಂಟು, ಆಗ ಗಾಳಿಯೂ ಜೋರು. ಒಣ ವಲಯದಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಸೆಪ್ಟೆಂಬರ್ ಮಧ್ಯದ ಉತ್ತರಾ ಮಳೆಯಿಂದ ಹಸ್ತದ ಆರಂಭದವರೆಗಿನ ಕಾಲ ಇಲ್ಲಿ ಹೆಚ್ಚು ನಂಬಿಕೆಯದು. ಆಮೇಲೆ ಬೇಸಿಗೆಗೆ ಇನ್ನೂ ನಾಲ್ಕೈದು ತಿಂಗಳು ಉಳಿದಿರುತ್ತದೆ. 1970ರ ದಶಕದಲ್ಲಿ ತುಂಬಿದ ನವಿಲುತೀರ್ಥದ ರೇಣುಕಾಸಾಗರದ ಕಾಲುವೆ ನೀರು ಇದ್ದಲ್ಲಿ ಆ ಅವಧಿಯಲ್ಲಿ ಬೇರು ಚೆನ್ನಾಗಿ ಹರಡಬಲ್ಲುದು.

ಎಲ್ಲ ಕಡೆಗೂ ಸಲ್ಲುವ ಮಾತೊಂದಿದೆ. ಎರಡು ಮೂರು ತಿಂಗಳು ಮೊದಲೇ ಮರದ ಸುತ್ತ ಅರ್ಧರ್ಧವಾಗಿ ಕಾಲುವೆ ತೋಡಿ ಬೇರು ಕತ್ತರಿಸಿ, ಗೊಬ್ಬರ ಬೆರೆತ ಮಣ್ಣು ತುಂಬಿದರೆ ಬುಡದ ಹತ್ತಿರವೇ ಹೊಸ ಬೇರು ಬರುತ್ತವೆ. ಸಾಗಿಸುವ ದಿನ ರೆಂಬೆಗಳನ್ನು ಸವರಿ, ಸಂಜೆ ಹೊತ್ತು ಹಚ್ಚಿ, ಕೆಲವು ವಾರ ನೆರಳು ಕೊಡಬೇಕು.

ತರಗತಿಗೆ ಒಂದು ಪ್ರಯೋಗ

ಹೇಲ್ಸನ ಪ್ರಯೋಗವನ್ನು ಯಾವ ಶಾಲೆಯಲ್ಲಾದರೂ ಮಾಡಬಹುದು. ಕುಂಡದಲ್ಲಿ ಬೆಳೆದ ಲಿಂಬೆ ಸಸಿಯೊಂದರ ಮಣ್ಣನ್ನು ಪ್ಲಾಸ್ಟಿಕ್ ಹಾಳೆಯಿಂದ ಕಾಂಡದವರೆಗೆ ಬಿಗಿಯಾಗಿ ಮುಚ್ಚಿ, ಅಡಿಯ ರಂಧ್ರವನ್ನೂ ಮುಚ್ಚಿರಿ. ಬೆಳಿಗ್ಗೆ 6ಕ್ಕೆ ಮತ್ತು ಸಂಜೆ 6ಕ್ಕೆ ತೂಗಿರಿ. ಪಕ್ಕದಲ್ಲಿ ಎರಡು ಉಷ್ಣತಾಮಾಪಕಗಳನ್ನು ತೂಗುಹಾಕಿ, ಒಂದರ ಬುರುಡೆಗೆ ಒದ್ದೆ ಬತ್ತಿ ಸುತ್ತಿರಿ. ಎರಡರ ವ್ಯತ್ಯಾಸದಿಂದ ಕೋಷ್ಟಕ ನೋಡಿ ಆರ್ದ್ರತೆ ತಿಳಿಯಬಹುದು. ಎಲೆಗಳನ್ನು ಚೌಕುಳಿ ಹಾಳೆಯ ಮೇಲೆ ಗುರುತು ಮಾಡಿ ವಿಸ್ತೀರ್ಣ ಎಣಿಸಿರಿ. ಜನವರಿ, ಏಪ್ರಿಲ್, ಜುಲೈ, ಸೆಪ್ಟೆಂಬರ್ ತಿಂಗಳುಗಳಲ್ಲಿ ಒಂದೊಂದು ವಾರ ಹೀಗೆ ಮಾಡಿದರೆ ನಿಮ್ಮ ಊರಿನ ಲಿಂಬೆಗೆ ಯಾವ ಕಾಲ ಹಗುರ ಎಂಬುದು ನಿಮ್ಮದೇ ಅಂಕಿಗಳಿಂದ ತಿಳಿಯುತ್ತದೆ.

ಆ ಶಾಲೆಯ ಹೊಸ ಕೊಠಡಿಯಲ್ಲಿ ಈಗ ಪಾಠ ನಡೆಯುತ್ತಿದೆ. ಕಟ್ಟಡದ ಕೆಲಸವನ್ನು ನಾಲ್ಕು ತಿಂಗಳು ಮುಂದೂಡಿದ್ದರೆ ಮರ ಉಳಿಯುತ್ತಿತ್ತೋ ಏನೋ. ಹಿರಿಯರ ಮಾತನ್ನು ಮೊದಲೇ ಕೇಳಿ, ಅದರ ಹಿಂದಿನ ಕಾರಣವನ್ನು ಆಗಲೇ ಹುಡುಕಬೇಕಾಗಿತ್ತು. ಶಾಲೆಯ ಮೂಲೆಯಲ್ಲಿ ಅದೇ ವರ್ಷ ಉತ್ತರಾ ಮಳೆಯಲ್ಲಿ ಮಕ್ಕಳು ಒಂದು ಹೊಸ ಸಸಿ ಹಚ್ಚಿದರು. ಯಾರೂ ಅದನ್ನು ಕೀಳಬೇಕಾಗದಂತಹ ಜಾಗವನ್ನು ಈ ಸಲ ಅವರೇ ಹುಡುಕಿಕೊಂಡರು.